ಅಣ್ಣನ ಬೀದಿ ಮೊದಲ ಗುಂಪಿನಲ್ಲಿ

ಅವಳು ಊರಿನ ಸಬ್‌ಸ್ಟೇಷನ್ನಿನಲ್ಲಿ ರಿಲೇಗಳ ಉಸ್ತುವಾರಿ ನೋಡುವ ಎಂಜಿನಿಯರ್. ಲೈನಿನಲ್ಲಿ ಏರುಪೇರಾದರೆ ಯಾರನ್ನೂ ಕೇಳದೆ ತಾವೇ ಕರೆಂಟ್ ಕಡಿಯುವ ಪೆಟ್ಟಿಗೆಗಳವು. ಯಾವುದು ಯಾವಾಗ ಕಡಿಯಬೇಕೆಂದು ಅವುಗಳಿಗೆ ಹೇಳಿಕೊಡುವುದು ಅವಳ ಕೆಲಸ. ಜೊತೆಯವರು ಅವಳಿಗೆ ಕತ್ತರಿ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಹಿಂದೊಮ್ಮೆ ಹೊರಗಿನಿಂದ ಬರುವ ದೊಡ್ಡ ಲೈನು ಕೈಕೊಟ್ಟಿತ್ತು. ನದಿ ಪಕ್ಕದಲ್ಲಿ ಊರಿನದೇ ಪುಟ್ಟ ಪವರ್‌ಹೌಸ್ ಇತ್ತು, ನಿಜ. ಆದರೆ ಇಡೀ ಊರಿನ ಭಾರ ಒಮ್ಮೆಗೇ ಹೆಗಲಿಗೆ ಬಿದ್ದಾಗ ಅದೂ ಕುಸಿದು ಕೂತಿತು. ಪಂಪು ನಿಂತು ಆಸ್ಪತ್ರೆಯವರು ನೀರಿಗಾಗಿ ಪರದಾಡಿದರು. ಆಮೇಲೆ ಅವಳು ಕೂತು ಒಂದು ವ್ಯವಸ್ಥೆ ರೂಪಿಸಿದಳು. ದೊಡ್ಡ ಲೈನು ಹೋದ ಕೂಡಲೇ ರಿಲೇಗಳು ಊರನ್ನು ಹೊರಗಿನ ಜಾಲದಿಂದ ಬಿಡಿಸಿ ದ್ವೀಪದ ಹಾಗೆ ಬೇರೆ ಮಾಡಬೇಕು. ಅದೇ ಗಳಿಗೆಯಲ್ಲಿ ಒಂದಷ್ಟು ಬೀದಿಗಳನ್ನು ಕಡಿದು, ಪವರ್‌ಹೌಸ್ ಹೊರುವಷ್ಟನ್ನು ಮಾತ್ರ ಉಳಿಸಬೇಕು. ಆಸ್ಪತ್ರೆ, ನೀರಿನ ಪಂಪು ಉಳಿಯುವ ಕಡೆ ಬಂದವು. ಅವಳ ಅಣ್ಣನ ಬೇಕರಿಯಿದ್ದ ಬೀದಿ ಮೊದಲು ಕಡಿಯುವ ಗುಂಪಿಗೆ ಬಿತ್ತು.

ಈ ವಿಷಯ ಅವಳೇ ಊಟಕ್ಕೆ ಕೂತಾಗ ಹೇಳಿದಳು.

"ಇಷ್ಟೊಂದು ಬೀದಿ ಇದೆ. ಕಡಿಯೋಕೆ ನಿನ್ನ ಅಣ್ಣಂದೇ ಸಿಕ್ತಾ?" ಎಂದ ಅಣ್ಣ.

"ನಿನ್ನ ಓವನ್ನುಗಳೇ ಅರ್ಧ ಬೀದಿಯಷ್ಟು ಕರೆಂಟ್ ನುಂಗ್ತವೆ ಅಣ್ಣ. ಅದನ್ನ ಕಡಿಯದೆ ಬಿಟ್ರೆ ಬೇಕಾದಷ್ಟು ಭಾರ ಇಳಿಯಲ್ಲ."

"ತಂಗಿ ಎಂಜಿನಿಯರ್ ಅಂತ ಊರೆಲ್ಲ ಕೊಚ್ಕೊಂಡು ತಿರುಗಿದೆ. ನನಗೇ ಬೇಕಿತ್ತು."

ಅತ್ತಿಗೆ ಇಬ್ಬರ ತಟ್ಟೆಗೂ ಇನ್ನಷ್ಟು ಅನ್ನ ಬಡಿಸಿದಳು.

ಬಹಳ ಕಾಲ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಎಲ್ಲೋ ದೂರದಲ್ಲಿ ಬಿರುಗಾಳಿಗೆ ದೊಡ್ಡ ಲೈನಿನ ಗೋಪುರ ಉರುಳಿತು. ಕಂಟ್ರೋಲ್ ರೂಮಿನ ದೀಪಗಳು ಮಂಕಾದವು, ಮತ್ತೆ ಹೊತ್ತಿಕೊಂಡವು. ಅಷ್ಟರಲ್ಲಿ ರಿಲೇಗಳು ತಮ್ಮ ಕೆಲಸ ಮುಗಿಸಿದ್ದವು. ಫೋನು ಬಡಿದುಕೊಂಡಿತು. ಪವರ್‌ಹೌಸಿನ ಹಳೆಯ ಆಪರೇಟರ್.

"ಮೇಡಂ, ಮಿಷಿನ್ ತಡ್ಕೊಂಡಿದೆ. ಒಂದು ಸಲ ಮುಗ್ಗರಿಸ್ತು, ಈಗ ಸರಿಯಾಗಿ ತಿರುಗ್ತಿದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೂ ಸ್ವಲ್ಪ ಹೊರಬಹುದು," ಎಂದ ಆಪರೇಟರ್. "ಯಾವುದಾದ್ರೂ ಒಂದು ಬೀದಿ ಕೊಡಿ."

ಆಗಲೇ ಅಣ್ಣನ ಫೋನು ಬಂತು. "ಓವನ್ ತುಂಬ ಬ್ರೆಡ್ ಇದೆ, ಅರ್ಧ ಬೆಂದಿದೆ. ಏನಾದ್ರೂ ಮಾಡೇ."

ಪವರ್‌ಹೌಸ್ ಅಣ್ಣನ ಬೀದಿಯನ್ನೂ ತಡೆದುಕೊಂಡರೂ ತಡೆದುಕೊಂಡೀತು ಎಂದು ಅವಳ ಮನಸ್ಸು ಎಳೆಯಿತು. ತಡೆದುಕೊಳ್ಳದಿದ್ದರೆ ಆಸ್ಪತ್ರೆಯೂ ಹೋಗುತ್ತದೆ. "ಆಗಲ್ಲ ಅಣ್ಣ," ಎಂದು ಫೋನಿಟ್ಟಳು. ಪಂಪ್‌ಹೌಸಿನ ಹಿಂದೆ ಬರೀ ಮನೆಗಳೇ ಇದ್ದ ಸಣ್ಣ ಬೀದಿಯೊಂದಕ್ಕೆ ಕರೆಂಟ್ ಕೊಟ್ಟಳು. ಮಿಷಿನ್ನಿನ ವೇಗ ತೋರಿಸುವ ಮೀಟರಿನ ಮುಳ್ಳು ಇಳಿಯಿತು, ತುಸು ಹೊತ್ತು ನಡುಗಿತು, ಮೆಲ್ಲಗೆ ಮೇಲೆ ಬಂತು.

ಸಂಜೆಗೆ ಬದಲಿ ಮಾರ್ಗದಿಂದ ಹೊರಗಿನ ಕರೆಂಟ್ ಬಂತು. ಅವಳು ನೇರ ಬೇಕರಿಗೆ ಹೋದಳು. ಅಣ್ಣ ಅರೆಬೆಂದ ಬ್ರೆಡ್ಡನ್ನು ದನಗಳಿಗೆಂದು ಚೀಲಕ್ಕೆ ಸುರಿಯುತ್ತಿದ್ದ. ಅವಳು ಅಂಗಿಯ ತೋಳು ಮಡಚಿ ತಟ್ಟೆಗಳನ್ನು ಕೆರೆಯಲು ನಿಂತಳು.

"ಮುಂಚೆ ಒಂದು ಮಾತು ಹೇಳೋಕಾಗಲ್ವಾ?"

"ರಿಲೇ ನನಗೂ ಹೇಳಲ್ಲ ಅಣ್ಣ. ರೆಪ್ಪೆ ಬಡಿಯೋದ್ರೊಳಗೆ ಕಡಿದಿರತ್ತೆ."

"ಅದು ಹೋಗ್ಲಿ. ಆಮೇಲೆ ಯಾವುದೋ ಬೀದಿಗೆ ಕೊಟ್ಟೆಯಂತೆ. ಅದನ್ನೂ ಮಿಷಿನ್ನೇ ಕೊಡ್ತಾ?"

ಅವಳ ಕೈ ನಿಂತಿತು. "ಇಲ್ಲ. ಅದು ನಾನೇ ಕೊಟ್ಟೆ."

ಅಣ್ಣ ಚೀಲದ ಬಾಯಿ ಕಟ್ಟಿದ. ಎಷ್ಟೋ ದಿನ ಅವನ ಮುಖ ಊದಿಕೊಂಡೇ ಇತ್ತು. ಬೇಕಾದ್ದನ್ನೆಲ್ಲ ಅತ್ತಿಗೆಯ ಬಾಯಲ್ಲಿ ಕೇಳಿಸುತ್ತಿದ್ದ. ಆದರೆ ಅಷ್ಟರಲ್ಲಿ ಓವನ್ನುಗಳನ್ನು ಮಾರಿ ಗ್ಯಾಸಿನವನ್ನು ತಂದು ಕೂರಿಸಿದ್ದ.

ವರ್ಷದ ಕೊನೆಗೆ ಯಾವ ಬೀದಿ ಎಷ್ಟು ಎಳೆಯುತ್ತದೆಂದು ಮತ್ತೆ ಅಳೆದಾಗ ಅಣ್ಣನ ಬೀದಿ ಹಗುರವಾಗಿತ್ತು. ಅದನ್ನು ಕಡಿದು ಈಗ ಹೆಚ್ಚು ಪ್ರಯೋಜನವಿಲ್ಲ. ಅವಳು ಮೇಲಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆದು, ಅದನ್ನು ಕೊನೆಗೆ ಕಡಿಯುವ ಗುಂಪಿಗೆ ಸರಿಸಿದಳು. ಹೇಳಲು ಬೇಕರಿಗೆ ಹೋದಳು.

ಅಣ್ಣ ಹಿಟ್ಟಿನ ಕೈಯಲ್ಲೇ ನಿಂತು ಕೇಳಿಸಿಕೊಂಡ. "ನನಗೆ ಬೇಡವಾದ ಮೇಲೆ ಕೊಡ್ತೀಯಲ್ಲೇ," ಎಂದವನಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅತ್ತಿಗೆಯೂ ನಕ್ಕದ್ದು ಕೇಳಿಸಿತು.