ಖಾಲಿ ಡಿಸ್ಕಿಗೆ ಹನ್ನೊಂದು ಸೆಕೆಂಡು

ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಲೇ ಇತ್ತು. ಒಂಬತ್ತು ದಿನ ಕಳೆದಿದ್ದರೂ, ವಿಜಯನಗರದ ಫೋಟೋ ಸ್ಟುಡಿಯೋ ಒಂದರ ಸ್ಟೂಲಿನ ಮೇಲೆ ಕೂತಿದ್ದಾಗಲೂ, ನನ್ನ ಕಣ್ಣೊಳಗೆ ಅದು ಬರುತ್ತಲೇ ಇತ್ತು. ಹೆಗ್ಗನಹಳ್ಳಿಯಲ್ಲಿ ನಮ್ಮ ರಸ್ತೆಯ ತಿರುವು, ಎಳೆ ಬಿಸಿಲು, ನನ್ನಿಂದ ನಾಲ್ಕು ಹೆಜ್ಜೆ ಆಚೆ ತಿಂಡಿ ತಲುಪಿಸಲು ಬಂದಿದ್ದ ಡೆಲಿವರಿ ಯುವಕನ ಬೈಕು. ಆಮೇಲೆ ಬೈಕು ಚಕ್ರದಡಿ, ಅದರ ಜೊತೆ ಅವನ ಕಾಲು. ಸದ್ದು ನೆನಪಿಲ್ಲ. ಎಲ್ಲವೂ ಕೆರೆಯ ತಳದಲ್ಲಿ ನಡೆದಷ್ಟು ನಿಧಾನ.

ಅವನೇ ರಾಂಗ್ ಸೈಡಿನಲ್ಲಿ ನುಗ್ಗಿದ ಎಂದು ಟ್ಯಾಂಕರಿನವರು ಹೇಳಿಕೆ ಕೊಟ್ಟಿದ್ದರು. ನಾನು ಕಂಡದ್ದು ಬೇರೆ. ಅವನು ಎಡಬದಿಯಲ್ಲಿ ನಿಂತಿದ್ದ. ನನ್ನ ಮಾತೊಂದೇ ಸಾಲದಾಗಿತ್ತು. ಎದುರಿನ ಬೇಕರಿಯ ಕ್ಯಾಮೆರಾದಲ್ಲಿ ಹನ್ನೊಂದು ಸೆಕೆಂಡು ಸಿಕ್ಕಿತು. ಪೆನ್‌ಡ್ರೈವಿನಲ್ಲಿ ಒಯ್ದರೆ ಠಾಣೆಯಲ್ಲಿ ತೆಗೆದುಕೊಳ್ಳಲಿಲ್ಲ.

"ಇದ್ರಲ್ಲಾದ್ರೆ ಯಾರ್ ಬೇಕಾದ್ರೂ ಅಳಿಸಿ ಬರೀಬೋದು ಮೇಡಂ. ಡಿಸ್ಕ್ ಮಾಡಿಸ್ಕೊಂಡ್ ಬನ್ನಿ, ಸಂಜೆ ಐದರೊಳಗೆ. ನಾಳೆ ಫೈಲ್ ಕೋರ್ಟಿಗೆ ಹೋಗತ್ತೆ."

ಆ ಹನ್ನೊಂದು ಸೆಕೆಂಡನ್ನು ನಾನಿನ್ನೂ ನೋಡಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಸ್ಟುಡಿಯೋ ಯಜಮಾನರಿಗೆ ಅರವತ್ತು ದಾಟಿರಬೇಕು. ಒಂದು ಕಾಲದಲ್ಲಿ ಮದುವೆಯ ಡಿಸ್ಕುಗಳನ್ನು ರಾಶಿ ರಾಶಿ ಬರೆದ ಕಂಪ್ಯೂಟರ್ ಮೂಲೆಯಲ್ಲಿತ್ತು. ಖಾಲಿ ಡಿಸ್ಕ್ ಹಾಕಿದರು. ಒಳಗೆ ಗಿರ್ರೆಂದು ಸುತ್ತಿ, 'ಖಾಲಿ ಡಿಸ್ಕ್ ಹಾಕಿ' ಎಂಬ ಸೂಚನೆ ಬಂತು. ಹಾಕಿದ್ದೇ ಖಾಲಿ ಡಿಸ್ಕು. ಯಾರದೋ ಹಳೆಯ ಮದುವೆಯ ಡಿಸ್ಕ್ ಹಾಕಿ ನೋಡಿದರು. ಅದು ಸೊಗಸಾಗಿ ಓಡಿತು. ಪರದೆಯ ಮೇಲೆ ಯಾವುದೋ ವಧು ಅಕ್ಕಿಕಾಳಿನ ಮಳೆಯಲ್ಲಿ ಕಣ್ಣು ಮುಚ್ಚಿದಳು.

"ಥೇಟ್ ನಮ್ ಭಾಮೈದ ಕಣಮ್ಮಾ ಇದು. ಊರಿನ್ ಪೇಪರೆಲ್ಲ ಓದ್ತಾನೆ, ಒಂದ್ ಅರ್ಜಿ ಬರಿ ಅಂದ್ರೆ ಆಗಲ್ಲ."

ಒಳಗಿಂದ ಅವರ ಹೆಂಡತಿಯ ದನಿ ಬಂತು. "ನಮ್ ತಮ್ಮನ್ ಸುದ್ದಿ ಬಿಟ್ಟು ಮಿಷಿನ್ ನೋಡ್ರೀ."

ಬೇರೆ ಕಂಪನಿಯ ಡಿಸ್ಕ್ ಹಾಕಿದರು. ವೇಗ ತಗ್ಗಿಸಿದರು. ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದರು. ಮೂರನೆಯದು ಬರೆಯಲು ಶುರು ಮಾಡಿ, ಕರಕರ ಎಂದು ನಿಂತಿತು. ಆ ಸದ್ದಿಗೆ ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಲೇಸರಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವಳು, ಒಂದು ಡ್ರೈವಿನ ಸದ್ದಿಗೆ ಗೋಡೆಗೊರಗಿ ನಿಂತಿದ್ದೆ. ಗಡಿಯಾರದಲ್ಲಿ ಮೂರೂ ಮುಕ್ಕಾಲು.

ಯಜಮಾನರು ಡ್ರೈವನ್ನು ಹೊರಗೆಳೆದು, ತಿರುಪು ಬಿಚ್ಚಿ, ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಡಿಸ್ಕ್ ಇಡುವ ತಟ್ಟೆಯ ಅಂಚಿನಲ್ಲೆಲ್ಲ ಕೆಂಪು. ಲೇಸರಿನ ಕಡಲೆಕಾಳಿನಷ್ಟು ಪುಟ್ಟ ಗಾಜಿನ ಕಣ್ಣಿನ ಮೇಲೂ ಕೆಂಪು.

"ಲೇ, ಆಯುಧಪೂಜೆ ದಿನ ಕುಂಕುಮ ಎಲ್ಲಿಟ್ಟೆ?"

ಒಳಗಿನಿಂದ ಅವರ ಹೆಂಡತಿ, ಆಂಟಿ, ಸೆರಗಿಗೆ ಕೈ ಒರೆಸುತ್ತ ಬಂದರು. "ಗುಂಡಿ ಒತ್ತಿದೆ, ಕೈ ಚಾಚ್ದಂಗೆ ತಟ್ಟೆ ಆಚೆ ಬಂತು. ಅದಾಗೇ ಕೇಳ್ತಿದೆ ಅಂತ ಅಲ್ಲೇ ಇಟ್ಟೆ. ಅಕ್ಷತೇನೂ ಹಾಕ್ದೆ."

"ನಿಂಬೆಹಣ್ಣೂ ತುರುಕ್ಬೇಕಿತ್ತು."

"ಹಿಡೀತಿರ್ಲಿಲ್ಲ" ಎಂದರು ಆಂಟಿ, ಶಾಂತವಾಗಿ.

ನಾನು ನಕ್ಕೆ. ಒಂಬತ್ತು ದಿನಗಳಲ್ಲಿ ಮೊದಲ ಸಲ ಇರಬೇಕು. ನನ್ನ ನಗು ನನಗೇ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು. ಓದಲು ಸ್ವಲ್ಪ ಬೆಳಕು ಸಾಕು, ಬರೆಯಲು ಪದರವನ್ನೇ ಸುಡುವಷ್ಟು ಬೇಕು, ಪುಡಿ ಅಡ್ಡ ಬಂದರೆ ಅಷ್ಟು ಸಿಗುವುದಿಲ್ಲ ಎಂದು ಯಜಮಾನರು ವಿವರಿಸಿದರು. ಹಬ್ಬವಾದ ಮೇಲೆ ಡಿಸ್ಕ್ ಕೇಳಿಕೊಂಡು ಬಂದವಳು ನಾನೇ ಮೊದಲು. ಅವರು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಮಗುವಿನ ಕಣ್ಣು ಒರೆಸುವಂತೆ ಒರೆಸಿದರು. ಹತ್ತಿ ನಸುಗೆಂಪಾಯಿತು. ರಸ್ತೆಯ ನೆನಪಾಗಿ ನಾನು ಕಿಟಕಿಯತ್ತ ತಿರುಗಿದೆ. ಕೆಳಗೆ ಸಂಪಿಗೆ ಮಾರುವವಳು ಹೂಗಳ ಮೇಲೆ ನೀರು ಚಿಮುಕಿಸುತ್ತಿದ್ದಳು.

ನಾಲ್ಕನೆಯ ಡಿಸ್ಕ್ ಬರೆಯಿತು.

"ಬಂದಿದ್ಯಾ ಅಂತ ಓಡಿಸಿ ನೋಡ್ಬೇಕಮ್ಮಾ. ನೀವ್ ಬೇಕಾದ್ರೆ ಆ ಕಡೆ ತಿರುಗ್ಕೊಳಿ."

ತಿರುಗಲಿಲ್ಲ. ಸದ್ದಿಲ್ಲದ ಚಿತ್ರದಲ್ಲಿ ನಾನೇ ಇದ್ದೆ, ಕೈಯಲ್ಲಿ ಚೀಲ, ಗೊಂಬೆಯಷ್ಟು ಚಿಕ್ಕವಳು. ಬೈಕು ಎಡಬದಿಯಲ್ಲಿ ನಿಂತಿತ್ತು. ಅವನು ಒಂದು ಕಾಲು ನೆಲಕ್ಕೂರಿ, ದಾಟು ಎಂದು ನನಗೇ ಕೈಸನ್ನೆ ಮಾಡುತ್ತಿದ್ದ. ಆ ಕೈ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಅವನ ಹಿಂದೆ ಟ್ಯಾಂಕರ್ ಅಲುಗಿತು.

ಮೆಟ್ಟಿಲಿಳಿಯುತ್ತ ಆಸ್ಪತ್ರೆಯಲ್ಲಿದ್ದ ಆ ಡೆಲಿವರಿ ಯುವಕನಿಗೆ ಫೋನ್ ಮಾಡಿದೆ. ಅವನೇ ಎತ್ತಿದ. ಕಲಬುರಗಿ ಕಡೆಯವನು.

"ಆತೇನ್ರಿ ಅಕ್ಕಾರ?"

"ಆಯ್ತು. ತಗೊಂಡ್ ಹೋಗ್ತಾ ಇದೀನಿ."

"ಖರೇ ಹೇಳ್ರಿ. ನಾ ಎಡಕ್ಕಽ ನಿಂತಿದ್ನೇನ್ರಿ? ಎಲ್ಲಾರೂ ರಾಂಗ್ ಸೈಡ್ ರಾಂಗ್ ಸೈಡ್ ಅಂದು ಅಂದು, ಈಗ ನನಗಽ ಹಂಗ ಕಾಣಸಾಕ್ ಹತ್ತೈತ್ರಿ."

"ಎಡಗಡೆನೇ ನಿಂತಿದ್ರಿ. ಕಾಲು ಊರಿದ್ರಿ. ನಾನೀಗ ತಾನೇ ನೋಡ್ದೆ."

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳುತ್ತ ಆಟೋಗೆ ಕೈ ಅಡ್ಡ ಹಿಡಿದೆ. ಐದಕ್ಕೆ ಇಪ್ಪತ್ತು ನಿಮಿಷವಿತ್ತು.