ಒಣ ನಾರಿನ ಮಲ್ಲಿಗೆ

ಆಗೆಲ್ಲ ನಮ್ಮ ಶಂಕರಪುರದಲ್ಲಿ ಬೆಳಗಾಯಿತೆಂದರೆ ಮನೆಮನೆಯ ಜಗಲಿಯಲ್ಲೂ ಮಲ್ಲಿಗೆ ಮೊಗ್ಗಿನ ರಾಶಿ, ಪಕ್ಕದಲ್ಲಿ ನೀರಿಗೆ ಹಾಕಿದ ಬಾಳೆನಾರು. ನೆನೆದ ನಾರಿನಲ್ಲಿ ಕಟ್ಟಿದರೆ ಗಂಟು ಹೂವಿನ ತೊಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಒಣ ನಾರಾದರೆ ಜಾರುತ್ತದೆ. ಅಕ್ಷರಕ್ಕಿಂತ ಮೊದಲು ನಾವು ಕಲಿತದ್ದು ಅದನ್ನೇ. ಅಮ್ಮ ಮಾಲೆ ಕಟ್ಟಿ ಸುತ್ತಿಟ್ಟ ಚೆಂಡಿನಿಂದ ಒಂದು ಹೂವೂ ಉದುರಿದ್ದಿಲ್ಲ ಎಂದು ಕಟಪಾಡಿಯಲ್ಲಿ ವ್ಯಾಪಾರಿಗಳು ಹೂವು ಕೊಳ್ಳುವ ಕಟ್ಟೆಯಲ್ಲೂ ಹೇಳುತ್ತಿದ್ದರು.

ನನಗಿದ್ದದ್ದು ಕುಣಿತ ನೋಡುವ ಹುಚ್ಚು. ಬನ್ನಂಜೆಯ ಡ್ಯಾನ್ಸ್ ಟೀಚರಿಗೆ ನಮ್ಮ ಮನೆಯದೇ ಹೂವು. ಅವರ ನೃತ್ಯನಾಟಕ ಇದ್ದಾಗಲೆಲ್ಲ ಬುಟ್ಟಿ ಹಿಡಿದು ಹಿಂಬಾಗಿಲಿನಿಂದ ಒಳಗೆ ಹೋಗಿ, ಪೌಡರು ಬೆವರುಗಳ ವಾಸನೆಯ ನಡುವೆ ಪರದೆಯ ಪಕ್ಕ ನಿಲ್ಲುತ್ತಿದ್ದೆ. ಅಲ್ಲಿಂದ ಅರ್ಧ ರಂಗ ಮಾತ್ರ ಕಾಣುತ್ತಿತ್ತು. ರಾಜ ಕಂಡರೆ ರಾಣಿ ಇಲ್ಲ. ಕಾಣದ ಅರ್ಧವನ್ನು ಮರುದಿನ ಮಲ್ಲಿಗೆ ಗಿಡಗಳ ನಡುವೆ ನಾನೇ ಕುಣಿದು ತುಂಬಿಸುತ್ತಿದ್ದೆ.

ಆರನೇ ಕ್ಲಾಸಿನಲ್ಲಿದ್ದಾಗ ಮಣಿಪಾಲಕ್ಕೆ ವಿದೇಶದ ಬ್ಯಾಲೆ ತಂಡವೊಂದು ಬಂತು. ಕಾಲ್ಬೆರಳ ತುದಿಯಲ್ಲಿ ನಿಂತು ತಿರುಗುವ ಹುಡುಗಿಯರನ್ನು ನೆರೆಮನೆಯ ಟಿವಿಯಲ್ಲಿ ನೋಡಿ, ಹಾಗೆಯೇ ನಿಲ್ಲಲು ಹೋಗಿ ಹೆಬ್ಬೆರಳಿನ ಉಗುರು ಕಿತ್ತುಕೊಂಡಿದ್ದವಳು ನಾನು.

“ಅವರಿಗೆ ಕೊಡಲಿಕ್ಕೆ ಹೂವು ತಾ. ನನ್ನ ಪಕ್ಕದಲ್ಲೇ ಕೂತು ನೋಡುವಿಯಂತೆ” ಎಂದರು ಟೀಚರ್. ಆ ಸುದ್ದಿಯನ್ನು ಶಾಲೆಯಲ್ಲಿ ನಾನು ಹೇಳದೆ ಬಿಟ್ಟವರಿಲ್ಲ.

ಆ ಸಂಜೆ ಸಭಾಂಗಣದ ಬಾಗಿಲಲ್ಲಿ ಟೀಚರ್ ಬುಟ್ಟಿ ತೆಗೆದುಕೊಂಡರು. ನನ್ನ ರಬ್ಬರ್ ಚಪ್ಪಲಿ ನೋಡಿದರು.

“ಒಳಗೆ ಜಾಗ ಇಲ್ಲ ಮಗಾ. ನಿನಗೆ ಇದೆಲ್ಲ ಎಂತ ಅರ್ಥ ಆಗ್ತದೆ? ಬಸ್ಸುಂಟು, ಮನೆಗೆ ಹೋಗು.”

ಬಾಗಿಲು ಮುಚ್ಚಿತು. ಮತ್ಯಾರೋ ತೆರೆದಾಗ ಕಂಡೆ: ಮುಂದಿನ ಸಾಲಿನಲ್ಲಿ ಟೀಚರ್ ಕೂತಿದ್ದರು, ಪಕ್ಕದ ಕುರ್ಚಿಯಲ್ಲಿ ಅವರ ವ್ಯಾನಿಟಿ ಬ್ಯಾಗು ಕೂತಿತ್ತು. ಕಟಪಾಡಿಯವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದೆ.

ಎರಡು ತಿಂಗಳು ಕಾದೆ. ಟೀಚರೇ ರಾಣಿಯಾಗಿ ಕುಣಿಯುವ ನೃತ್ಯನಾಟಕಕ್ಕೆ ಹೂವು ಬೇಕೆಂದು ಹೇಳಿಕಳಿಸಿದರು. ರಾಣಿಯ ಜಡೆಗೆ ನಾನು ಕಟ್ಟುತ್ತೇನೆ ಎಂದೆ. ಮಗಳಿಗೆ ಬುದ್ಧಿ ಬಂತೆಂದು ಅಮ್ಮನಿಗೆ ಖುಷಿ. ಅವಳು ಗಂಜಿ ಬಸಿಯಲು ಒಳಗೆ ಹೋದಾಗ ಒಣ ನಾರು ತೆಗೆದೆ. ಒಂದೊಂದು ಗಂಟಿಗೂ “ಜಾಗ ಇಲ್ಲ, ಜಾಗ ಇಲ್ಲ” ಎಂದು ಹೇಳಿಕೊಂಡೆ.

ರಂಗದಲ್ಲಿ ರಾಣಿ ಮೂರನೇ ಸುತ್ತು ತಿರುಗುವಾಗಲೇ ಜಡೆಯ ಹೂವು ಉದುರತೊಡಗಿತು. ನಾಲ್ಕನೆಯದಕ್ಕೆ ಅದೇ ಮಲ್ಲಿಗೆಯ ಮೇಲೆ ಕಾಲಿಟ್ಟು, ಜಾರಿ, ಧೊಪ್ಪೆಂದು ಕೂತರು. ಸಭೆ ಗೊಳ್ಳೆಂದು ನಕ್ಕಿತು. ನನ್ನ ಪುಣ್ಯ, ನನಗೆ ಕಾಣುವ ಅರ್ಧದಲ್ಲೇ ಬಿದ್ದರು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ತಣ್ಣಗಾಗುತ್ತದೆ.

ಮರುದಿನ ಬೆಳಿಗ್ಗೆ ಟೀಚರ್ ಉಳಿದ ಹೂವು ಹಿಡಿದುಕೊಂಡು ಮನೆಗೇ ಬಂದು ಅಮ್ಮನ ಮುಂದೆ ಚಾಚಿದರು.

“ಎಂತ ಗಿರಿಜಾ ಇದು? ಅಷ್ಟು ಜನರ ಎದುರು ನನ್ನ ಮರ್ಯಾದೆ ಹೋಯಿತು.”

ಅಮ್ಮ ಆ ನಾರನ್ನು ಬೆರಳಲ್ಲಿ ಹೊಸೆದು ನೋಡಿದಳು. ನನ್ನನ್ನೊಮ್ಮೆ ನೋಡಿದಳು.

“ನಾನೇ ಕಟ್ಟಿದ್ದು ಟೀಚರೇ. ನಾರು ನೆನೆಸಲಿಕ್ಕೆ ಮರೆತುಹೋಯಿತು.”

ನೆರೆಯವರಿಗೆಲ್ಲ ಕೇಳುವಂತೆ ಬೈದು ಟೀಚರ್ ಹೊರಟುಹೋದರು. ಅಮ್ಮ ನನಗೆ ಹೊಡೆಯಲಿಲ್ಲ. “ಇನ್ನು ನೀನು ಹೂವು ಮುಟ್ಟುವುದು ಬೇಡ” ಎಂದಳು, ಅಷ್ಟೆ. ವಾರದೊಳಗೆ ಕಟ್ಟೆಯಲ್ಲಿ ಅಮ್ಮನ ಚೆಂಡನ್ನು ಎಳೆದು ನೋಡಿ ತೆಗೆದುಕೊಳ್ಳತೊಡಗಿದರು. ಅಲ್ಲಿಯವರೆಗೆ ಯಾರೂ ಎಳೆದು ನೋಡಿರಲಿಲ್ಲ.

ಈಗ ನಾನು ಟಿಕೆಟ್ ತೆಗೆದು ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಬ್ಯಾಲೆಯಿರಲಿ, ನೃತ್ಯನಾಟಕವಿರಲಿ, ಇಡೀ ರಂಗ ಕಾಣುತ್ತದೆ. ಟೀಚರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಮ್ಮ ತೀರಿಕೊಂಡಳು. ಅವಳು ಹೂವಿಗೆ ಹಾಕುತ್ತಿದ್ದ ಗಂಟು ನನ್ನ ಕೈಗೆ ಬರಲೇ ಇಲ್ಲ. ನಮ್ಮೂರ ಕಾರ್ಯಕ್ರಮಗಳಲ್ಲೂ ಈಗ ಜಡೆಗೆ ಪ್ಲಾಸ್ಟಿಕ್ ಮಲ್ಲಿಗೆ ಮುಡಿಸುತ್ತಾರೆ. ಎಷ್ಟು ಸುತ್ತು ತಿರುಗಿದರೂ ಒಂದೂ ಉದುರುವುದಿಲ್ಲ.

ಅಮ್ಮ ಕಟ್ಟಿದ್ದೂ ಉದುರುತ್ತಿರಲಿಲ್ಲ.