ಅಟ್ರಾಕ್ಟಾಳ ಚೊಚ್ಚಲ ಕೂಸು

ಅಟ್ರಾಕ್ಟಾ ಟ್ಯಾನ್ಸಿ ಸತ್ತ ದಿನ ಮಧ್ಯಾಹ್ನ, ಶವಸಂಸ್ಕಾರದ ಏರ್ಪಾಟು ನೋಡಿಕೊಳ್ಳುವ ಕಾನ್ಲನ್ ಅವಳ ಅಡುಗೆಮನೆಯ ಮೇಜಿನೆದುರು ಕೂತು ನೋಟ್‌ಬುಕ್ ತೆರೆದ. ಸಂಜೆ ಐದಕ್ಕೆ ಸ್ಲೈಗೋ ಸೀಮೆಯ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಾರೆ. ಅಷ್ಟರೊಳಗೆ ವಿವರ ಕಳಿಸಬೇಕಿತ್ತು.

"ಮಲಾಕಿಯವರ ಪ್ರೀತಿಯ ಪತ್ನಿ," ಎಂದು ಬರೆದುಕೊಂಡ. "ಮಕ್ಕಳು ಮೂವರು, ಅಲ್ವಾ? ಊನಾ, ಕೀರನ್, ಫಿಂಟನ್."

"ನಾಲ್ವರು," ಅಂದಳು ಊನಾ.

ಒಲೆಯ ಪಕ್ಕ ಕೂತಿದ್ದ ಅವಳ ಅಪ್ಪ ಮಲಾಕಿ ತಲೆ ಎತ್ತಲಿಲ್ಲ. "ಮೂವರು. ಬರ್ಕೋ ಮಾರಾಯ, ಮೂವರು."

ಕಾನ್ಲನ್ ಇಬ್ಬರ ಮುಖವನ್ನೂ ನೋಡಿದ. ಸಾವಿನ ಮನೆಯ ಜಗಳ ಅವನಿಗೆ ಹೊಸದಲ್ಲ. "ಒಂದು ಗಂಟೆ ಬಿಟ್ಟು ಫೋನ್ ಮಾಡ್ತೀನಿ," ಎಂದವನೇ ಕೊಟ್ಟ ಟೀಯನ್ನೂ ಕುಡಿಯದೆ ಎದ್ದು ಹೋದ.

ಆ ನಾಲ್ಕನೆಯದು ನಿಜಕ್ಕೂ ಮೊದಲನೆಯದು. 1958ರ ಮಾರ್ಚ್. ಅಟ್ರಾಕ್ಟಾಗೆ ಇಪ್ಪತ್ತಮೂರು. ಜವಳಿ ಅಂಗಡಿಯ ಕೆಲಸ ಬಿಟ್ಟು, ಡೈರಿಯ ಹಾಲಿನ ಲಾರಿ ಓಡಿಸುತ್ತಿದ್ದ ಮಲಾಕಿಯನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ಎರಡು ದಿನ ನೋವು ತಿಂದು ಹೆಣ್ಣು ಹೆತ್ತಳು. ಮಗು ಸತ್ತೇ ಹುಟ್ಟಿತು ಎಂದಳು ಸೂಲಗಿತ್ತಿ. ಇಲ್ಲ, ಒಂದು ಸಲ ಅತ್ತಿತು, ನನ್ನ ಕಿವಿಯಾರೆ ಕೇಳಿದೆ ಎಂದಳು ತಾಯಿ. ಪಾದ್ರಿ ಹರ್ಗಡನ್ ಬಂದು ಹಾಸಿಗೆಯ ಕಾಲ ಬುಡದಲ್ಲಿ ನಿಂತೇ ವಿಚಾರಿಸಿದರು.

"ತಲೆಗೆ ನೀರು ಹಾಕಿದ್ರಾ?"

"ಇಲ್ಲ, ಫಾದರ್."

"ಹಾಗಾದ್ರೆ ಏನೂ ಮಾಡೋಕಾಗಲ್ಲಮ್ಮ."

ಜ್ಞಾನಸ್ನಾನವಿಲ್ಲದ ಕೂಸಿಗೆ ಚರ್ಚಿನ ಸಮಾಧಿಭೂಮಿಯಲ್ಲಿ ಜಾಗವಿರಲಿಲ್ಲ. ಸ್ವರ್ಗದಲ್ಲೂ ಇಲ್ಲ, ನರಕದಲ್ಲೂ ಇಲ್ಲ, ತ್ರಿಶಂಕುವಿನ ಪಾಡು. ಅಂಥವುಗಳಿಗೆಂದೇ ಊರಾಚೆ ಕುರಿ ಮೇಯುವ ಗುಡ್ಡದ ಮಗ್ಗುಲಲ್ಲಿ ಒಂದು ಹೊಲವಿತ್ತು. ಕಿಲ್ಲೀನ್ ಎನ್ನುತ್ತಿದ್ದರು. ಶಿಲುಬೆಯಿಲ್ಲ, ಹೆಸರಿಲ್ಲ, ಮೊಣಕಾಲೆತ್ತರದ ಕಾಡುಗಲ್ಲುಗಳಷ್ಟೆ. ಮಲಾಕಿಯ ಅಣ್ಣ ಬಾರ್ಟ್ಲಿ ಬೆಣ್ಣೆಯ ಪೆಟ್ಟಿಗೆಯೊಂದಕ್ಕೆ ಮುಚ್ಚಳ ಹೊಡೆದು ಕೊಟ್ಟ. ಹೊತ್ತು ಮುಳುಗಿದ ಮೇಲೆ ಮಲಾಕಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಹಿಂತಿರುಗಿದಾಗ ಅವನ ಬೂಟಿನ ತುಂಬ ಕೆಸರು. ಅಟ್ರಾಕ್ಟಾ ಅದನ್ನು ನೋಡಿದಳು.

ಆರು ವಾರ ಕಳೆದು ಅವಳು ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಹಿಡಿದು ಮಂಡಿಯೂರಬೇಕಾಯಿತು. ಹೆತ್ತವಳ ಮೈಲಿಗೆ ಕಳೆಯದೆ ಒಳಗೆ ಬಿಡುವಂತಿರಲಿಲ್ಲ. ಮಗುವಿಗೆ ಮಂತ್ರವಿಲ್ಲ, ಅದನ್ನು ಹೆತ್ತ ತಪ್ಪಿಗೆ ತಾಯಿಗೆ ಮಾತ್ರ ಶುದ್ಧಿ. ಹರ್ಗಡನ್ ಅವಳ ಕೈಹಿಡಿದು ಒಳಗೆ ಕರೆದುಕೊಂಡರು. ಅದರ ಮುಂದಿನ ಶುಕ್ರವಾರವೇ ಅವಳು ಬಕೆಟ್ಟು ಹಿಡಿದು ಬಲಿಪೀಠದ ಮೆಟ್ಟಿಲು ತೊಳೆಯಲು ಹೋದಳು.

ಹೋದವಳು ಅರವತ್ತು ವರ್ಷ ಬಿಡಲಿಲ್ಲ. ಬಲಿಪೀಠದ ಬಟ್ಟೆ ಒಗೆದು ಗಂಜಿ ಹಾಕಿದಳು, ಹಿತ್ತಾಳೆ ಉಜ್ಜಿದಳು, ಬೇಸಿಗೆ ಬಂದರೆ ಕಾಯಿಲೆಯವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಲೂರ್ದ್‌ಗೆ ಯಾತ್ರೆ ಹೋದಳು. ಊರಲ್ಲಿ ಯಾರೇ ಸಾಯಲಿ, ಚರ್ಚಿನ ಸಭಾಂಗಣದಲ್ಲಿ ಇನ್ನೂರು ಸ್ಯಾಂಡ್‌ವಿಚ್ ಅವಳದೇ. "ಸಂತಳು ಕಣ್ರೀ," ಎನ್ನುತ್ತಿದ್ದರು ಜನ. ಸಂತಳ ಮನೆಯೊಳಗೆ ಏನಿತ್ತೆಂದು ಊನಾಳಿಗೆ ಗೊತ್ತಿತ್ತು. ಬಲಿಪೀಠದ ಬಟ್ಟೆಗೆ ಒಂದು ಸುಕ್ಕಿಲ್ಲದಂತೆ ಇಸ್ತ್ರಿಯಾಗುತ್ತಿತ್ತು; ಮಕ್ಕಳ ಅಂಗಿ ಮುದುಡಿಕೊಂಡೇ ಶಾಲೆಗೆ ಹೋಗುತ್ತಿತ್ತು. ಪಕ್ಕದ ಮನೆಯ ಮುದುಕಿಗೆ ಸಾರು, ಮನೆಯವರಿಗೆ ಸಿಡುಕು.

ಹದಿನಾರನೆಯ ವಯಸ್ಸಿನಲ್ಲಿ ಊನಾ ಜಗಳಕ್ಕೇ ನಿಂತಳು. "ಊರಿಗೆಲ್ಲ ಅಮ್ಮ ಆಗಿದ್ದೀಯ, ನಮಗೊಂದು ಬಿಟ್ಟು!"

ಅಟ್ರಾಕ್ಟಾ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅವತ್ತೇ ಮೊದಲ ಸಲ ಕಿಲ್ಲೀನಿನ ಕಥೆ ಹೇಳಿದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ಅಷ್ಟೆಲ್ಲ ಮಾಡಿದವರ ನೆಲ ಒರೆಸ್ತೀಯಲ್ಲಮ್ಮ, ನಿನಗೆ ನಾಚಿಕೆ ಆಗಲ್ವಾ?"

"ಒರೆಸೋದು ಬಿಟ್ರೆ ಅವರನ್ನ ದ್ವೇಷ ಮಾಡ್ಬೇಕಾಗುತ್ತೆ. ಆಮೇಲೆ ಭಾನುವಾರ ನಾನು ಎಲ್ಲಿಗೆ ಹೋಗ್ಲಿ?"

ಅವಳು ಭಾನುವಾರ ಚರ್ಚಿಗೆ ಹೋದಳು, ಸೋಮವಾರ ಕಿಲ್ಲೀನಿಗೆ. ಯಾವ ಕಲ್ಲು ತನ್ನದೆಂದು ಗೊತ್ತಿಲ್ಲದ್ದರಿಂದ ಅರವತ್ತು ಚಿಲ್ಲರೆ ಕಲ್ಲುಗಳ ಮುಂದೆಯೂ ನಿಂತು ಮರಿಯಮ್ಮನಿಗೆ ಒಂದೊಂದು ಪ್ರಾರ್ಥನೆ ಹೇಳುತ್ತಿದ್ದಳು. ಪ್ರತಿ ಮಾರ್ಚಿನಲ್ಲಿ ಗಂಡನನ್ನು ಕೇಳುತ್ತಿದ್ದಳು. "ಯಾವ ಕಲ್ಲು, ಮಲಾಕಿ?" ಅವನು "ಹೋಗ್ಲಿ ಬಿಡೇ," ಎಂದು ಟೋಪಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ.

ಕಾಲ ಬದಲಾಯಿತು. ಅಂಥ ಕೂಸುಗಳೂ ದೇವರ ಬಳಿಯೇ ಇವೆ ಎಂದು ಚರ್ಚಿನವರೇ ಹೇಳತೊಡಗಿದರು. ಹರ್ಗಡನ್ ಸತ್ತು ಎಷ್ಟೋ ವರ್ಷಗಳಾದ ಮೇಲೆ ಹೊಸ ಪಾದ್ರಿ ಗಿಲ್‌ಮಾರ್ಟಿನ್ ಕಿಲ್ಲೀನಿನಲ್ಲೊಂದು ಶಿಲುಬೆ ನೆಡಿಸಿ, ನೆಲಕ್ಕೆ ತೀರ್ಥ ಚಿಮುಕಿಸಿದರು. ಅವತ್ತಿನ ಟೀಯೂ ಅಟ್ರಾಕ್ಟಾಳದೇ. ಕಪ್ಪು ತೊಳೆಯುತ್ತಿದ್ದ ಅವಳ ಹತ್ತಿರ ಬಂದು ಗಿಲ್‌ಮಾರ್ಟಿನ್ ಮೆಲ್ಲಗೆ, "ಆ ಕಾಲವೇ ಹಾಗಿತ್ತಮ್ಮ," ಅಂದರು.

"ಕಾಲ ಅಲ್ಲ, ಫಾದರ್. ಹರ್ಗಡನ್. ಅವರಿಗೊಂದು ಹೆಸರಿತ್ತು," ಎಂದವಳೇ ಕೇಕಿನ ತಟ್ಟೆ ಮುಂದೆ ಚಾಚಿದಳು. "ತಗೊಳ್ಳಿ, ಒಣಗಿ ಹೋಗುತ್ತೆ."

ಎಂಬತ್ತನಾಲ್ಕಕ್ಕೆ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಸ್ಪತ್ರೆಯಲ್ಲಿ ಕೊನೆಯ ಸಲ ಗಂಡನ ಕೈ ಹಿಡಿದು ಕೇಳಿದಳು. "ಈಗಾದ್ರೂ ಹೇಳೋ. ನಾನು ಯಾರಿಗೂ ಹೇಳಲ್ಲ." ಮಲಾಕಿ ಕಿಟಕಿಯ ಕಡೆ ನೋಡಿದ. ಆಮೇಲಿನ ಎರಡು ದಿನ ಅವಳು ಗೋಡೆಯ ಕಡೆಗೆ ಮಗ್ಗುಲಾಗಿಯೇ ಇದ್ದು, ಹಾಗೇ ಸತ್ತಳು.

ಕಾನ್ಲನ್ ಹೋದ ಮೇಲೆ ಊನಾ ಬಾಗಿಲು ಹಾಕಿ ಅಪ್ಪನ ಎದುರು ಕುರ್ಚಿ ಎಳೆದುಕೊಂಡಳು. ಅವನಿಗೆ ಎಂಬತ್ತೇಳು ಎಂಬ ಕರುಣೆ ಅವಳಲ್ಲಿ ಉಳಿದಿರಲಿಲ್ಲ.

"ಅಪ್ಪ, ಅರವತ್ತು ವರ್ಷ ಅವಳನ್ನ ಕಲ್ಲಿಂದ ಕಲ್ಲಿಗೆ ಅಲೆಸಿದೆ. ನನಗಾದ್ರೂ ತೋರಿಸು. ಯಾವುದು?"

"ಗೊತ್ತಿಲ್ಲ."

"ಮತ್ತೆ ಅದೇ ಹಠ."

"ಹಠ ಅಲ್ಲ ಕಣೇ. ನಿಜವಾಗಿ ಗೊತ್ತಿಲ್ಲ." ಮಲಾಕಿ ಒಲೆಯ ಕಡೆ ತಿರುಗಿದ. "ಗೇಟಿನ ತನಕ ಹೋದೆ. ಬಾರ್ಟ್ಲಿ ಗುದ್ದಲಿ ಹಿಡ್ಕೊಂಡು ನಿಂತಿದ್ದ. ಪೆಟ್ಟಿಗೆ ಒಳಗೆ ಏನೋ ಆ ಕಡೆಯಿಂದ ಈ ಕಡೆಗೆ ಜರುಗ್ತು. ನನ್ನ ಕೈಲಿ ಆಗ್ಲಿಲ್ಲ. ಅವನ ಕೈಗೆ ಕೊಟ್ಟು ಹೆಂಡದಂಗಡಿಗೆ ಹೋದೆ. ಬರ್ತಾ ಮೋರಿಯಲ್ಲಿ ಬೂಟು ಅದ್ದಿಕೊಂಡು ಬಂದೆ."

"ದೊಡ್ಡಪ್ಪನ್ನ ಕೇಳ್ಬಹುದಿತ್ತಲ್ಲ?"

"ಇವತ್ತು ಕೇಳೋಣ, ನಾಳೆ ಕೇಳೋಣ ಅಂತಿದ್ದೆ. ಅವನು ಬರ್ಮಿಂಗ್‌ಹ್ಯಾಮಿಗೆ ಕೆಲಸಕ್ಕೆ ಹೋಗಿ ಅಲ್ಲೇ ಸತ್ತ."

"ಅಮ್ಮನಿಗೆ ಇಷ್ಟನ್ನ ಹೇಳೋಕೆ ಏನಾಗಿತ್ತು ನಿನಗೆ?"

"ಏನಂತ ಹೇಳ್ಲಿ? ಸ್ವಂತ ಕೂಸನ್ನ ಮಣ್ಣು ಮಾಡೋಕೂ ಯೋಗ್ಯತೆ ಇಲ್ಲದ ಗಂಡಸು ಅಂತಲಾ? ಗೊತ್ತಿದ್ದೂ ಹೇಳದ ಕಟುಕ ಅಂದ್ಕೊಂಡ್ಲು. ಅಂದ್ಕೊಳ್ಳಲಿ, ಅದೇ ವಾಸಿ ಅನ್ನಿಸ್ತು."

ಫೋನ್ ಬಡಿದುಕೊಂಡಿತು. ಊನಾ ಎದ್ದು ಎತ್ತಿಕೊಂಡಳು. "ನಾಲ್ವರು, ಕಾನ್ಲನ್. ಮೊದಲನೆಯದು ಹೆಣ್ಣು."

"ಹೆಸರು?"

ಊನಾ ಫೋನಿಗೆ ಕೈ ಅಡ್ಡ ಹಿಡಿದಳು. "ಅಪ್ಪ, ಅಮ್ಮ ಅದಕ್ಕೊಂದು ಹೆಸರು ಇಟ್ಟಿದ್ಲಾ?"

"ಗೊತ್ತಿಲ್ಲ," ಅಂದ ಮಲಾಕಿ. "ನಾನು ಕೇಳ್ಲಿಲ್ಲ."

ತಾನೂ ಕೇಳಿರಲಿಲ್ಲ ಎಂಬುದು ಊನಾಳಿಗೆ ಆಗ ಹೊಳೆಯಿತು. ಹದಿನಾರನೆಯ ವಯಸ್ಸಿನಿಂದ ಕಥೆ ಗೊತ್ತಿದ್ದೂ, ನಲವತ್ತಕ್ಕೂ ಹೆಚ್ಚು ವರ್ಷ ಆ ಪ್ರಶ್ನೆ ಅವಳ ಬಾಯಿಗೂ ಬಂದಿರಲಿಲ್ಲ.

ಐದರ ಸುದ್ದಿಯಲ್ಲಿ, ಊನಾ, ಕೀರನ್, ಫಿಂಟನ್ ಮತ್ತು ಹೆಸರಿಡದ ಒಂದು ಹೆಣ್ಣುಮಗುವಿನ ತಾಯಿ ಎಂದು ಓದಿದರು. ಎರಡು ದಿನ ಕಳೆದು ಗಿಲ್‌ಮಾರ್ಟಿನ್ ಶವಪೆಟ್ಟಿಗೆಯ ಮುಂದೆ ನಿಂತು, ಬರೆದು ತಂದ ಹಾಳೆ ನೋಡಿ, "ಮೂರು ಮಕ್ಕಳ ತಾಯಿ, ಎಂದೂ ಗೊಣಗದ ಜೀವ," ಎಂದರು. ಸಭಾಂಗಣದಲ್ಲಿ ಹೋಟೆಲಿನಿಂದ ತರಿಸಿದ ಸ್ಯಾಂಡ್‌ವಿಚ್ ಅಂಚು ಒಣಗಿ ಕೂತಿತ್ತು. ಚರ್ಚಿನ ಕೆಲಸಕ್ಕೆ ಅಟ್ರಾಕ್ಟಾಳ ಜೊತೆಗಿರುತ್ತಿದ್ದ ಬ್ರೈಡಿ ಊನಾಳ ಮೊಣಕೈ ಹಿಡಿದಳು.

"ರೇಡಿಯೋದಲ್ಲಿ ಅದನ್ನೆಲ್ಲ ಓದಿಸ್ಬೇಕಿತ್ತೇನಮ್ಮ? ಪಾಪ, ನಿಮ್ಮಪ್ಪ ಮುಖ ಎತ್ತಂಗಿಲ್ಲ. ನಿಮ್ಮಮ್ಮ ಇದ್ದಿದ್ರೆ ಹೀಗೆ ಮಾಡ್ತಿರಲಿಲ್ಲ."

"ಹೌದು, ಮಾಡ್ತಿರಲಿಲ್ಲ," ಅಂದಳು ಊನಾ.

ಜೂನ್ ತಿಂಗಳಲ್ಲೊಂದು ದಿನ ಮಲಾಕಿ ತಾನಾಗಿಯೇ ಕಿಲ್ಲೀನಿಗೆ ಕರೆದುಕೊಂಡು ಹೋಗು ಅಂದ. ಊನಾ ಗೇಟಿನ ಬಳಿ ಕಾರು ನಿಲ್ಲಿಸಿದಳು. ಅವನು ಇಳಿಯಲಿಲ್ಲ. ಅವಳೊಬ್ಬಳೇ ಒಳಗೆ ಹೋದಳು. ಸೊಂಟದೆತ್ತರ ಹುಲ್ಲು ಬೆಳೆದು ಶಿಲುಬೆಯೊಂದನ್ನು ಬಿಟ್ಟರೆ ಒಂದು ಕಲ್ಲೂ ಕಾಣುತ್ತಿರಲಿಲ್ಲ. ಅಲ್ಲಿ ಇಷ್ಟು ವರ್ಷ ಕುಡುಗೋಲು ಹಿಡಿದು ಹುಲ್ಲು ಸವರುತ್ತಿದ್ದವರು ಯಾರೆಂದು ಊರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಊನಾ ಕಾಲಿನಿಂದ ತಡವುತ್ತ ನಾಲ್ಕು ಹೆಜ್ಜೆ ಇಟ್ಟು, ಯಾವುದನ್ನಾದರೂ ತುಳಿದೇನೆಂದು ಹೆದರಿ ನಿಂತಳು.

ಮಲಾಕಿ ಕಾರಿನ ಗಾಜು ಇಳಿಸಿದ. "ಹೋಗೋಣ್ವಾ? ಚಳಿ ಆಗ್ತಿದೆ."